ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಬಂದ ಮೇಲೆ

ಹಾಸನ ಜಿಲ್ಲೆಯ ಎಷ್ಟೋ ಜನ ಹಾರ್ಟ್ ಅಟ್ಯಾಕ್ ಆದಾಗ ಮೈಸೂರಿಗೋ ಬೆಂಗಳೂರಿಗೋ ಹೋಗಿ ಸ್ಟೆಂಟ್ (ಹೃದಯದ ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡು ಬರುತ್ತಾರೆ. ಕೆಲವೇ ದಿನಕ್ಕೆ ಮನೆ. ಹಾರ್ಟ್ ನೋಡಿದ ಡಾಕ್ಟರು ಅಲ್ಲಿ, ಬಿಪಿ-ಶುಗರ್ ನೋಡುವವರು ಇಲ್ಲಿ. ಅವರಿಬ್ಬರೂ ಮಾತಾಡಿಕೊಳ್ಳುವುದು ಅಪರೂಪ. ಆ ಕೊಂಡಿ ಮನೆಯವರೇ ಆಗಬೇಕು.

ಇದು ನಾನು ಅನುಭವಿಸಿ ಹೇಳುವ ಮಾತು. ನಮ್ಮಪ್ಪ ರಕ್ತ ತೆಳು ಮಾಡುವ ಒಂದೇ ಮಾತ್ರೆಯನ್ನು ಎರಡು ಕಂಪನಿ ಹೆಸರಲ್ಲಿ ಎರಡು ವಾರ ನುಂಗಿದ್ದರು. ಒಂದು ಅಲ್ಲಿನ ಚೀಟಿಯದ್ದು, ಒಂದು ಇಲ್ಲಿನದ್ದು. ಹಲ್ಲುಜ್ಜುವಾಗ ರಕ್ತ ಬಂತು, ಆಗಲೇ ನಮಗೆ ಗೊತ್ತಾಗಿದ್ದು.

ಮೊದಲು, ಒಬ್ಬರು ಮತ್ತು ಒಂದು ನೋಟ್‌ಬುಕ್. ಮನೆಯಲ್ಲಿ ಒಬ್ಬರು ಜವಾಬ್ದಾರಿ ತಗೊಳ್ಳಿ. ಡಿಸ್ಚಾರ್ಜ್ ಚೀಟಿ, ಆಂಜಿಯೋಗ್ರಾಂ (ಹೃದಯದ ರಕ್ತನಾಳದ ಚಿತ್ರ), ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಒಂದೇ ಫೈಲಿನಲ್ಲಿರಲಿ. ನೋಟ್‌ಬುಕ್ಕಿನಲ್ಲಿ ಬಿಪಿ, ಶುಗರ್, ತೂಕ, ನಡೆದ ನಿಮಿಷ ಬರೆಯಿರಿ. ಯಾವ ಡಾಕ್ಟರ ಹತ್ತಿರ ಹೋದರೂ ಎರಡೂ ಜೊತೆಗಿರಲಿ. ಹೃದಯದ ಪಂಪಿಂಗ್ ಶೇಕಡಾ ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಅದು 40ಕ್ಕಿಂತ ಕಡಿಮೆ ಇದ್ದರೆ ವ್ಯಾಯಾಮ ಡಾಕ್ಟರ ಕಣ್ಣೆದುರಿಗೇ ಶುರುವಾಗಬೇಕು.

ಮಾತ್ರೆ. ಮೆಡಿಕಲ್ ಶಾಪಿನವರಿಗೆ ಎಲ್ಲಾ ಚೀಟಿ ಒಟ್ಟಿಗೆ ತೋರಿಸಿ, ಒಂದೇ ಔಷಧಿ ಎರಡು ಸಲ ಇದೆಯಾ ಅಂತ ಕೇಳಿ. ಸ್ಟೆಂಟ್ ಆದವರಿಗೆ ರಕ್ತ ತೆಳು ಮಾಡುವ ಎರಡು ಬಗೆಯ ಮಾತ್ರೆ ಸಾಮಾನ್ಯವಾಗಿ ಒಂದು ವರ್ಷ ಇರುತ್ತದೆ. ಹಲ್ಲು ಕೀಳಿಸುವುದಿದ್ದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ನಾಳ ಮತ್ತೆ ಮುಚ್ಚಿಕೊಳ್ಳಬಹುದು.

ನಡಿಗೆ. ಮನೆಯವರು ಜಾಸ್ತಿ ಹೆದರುವುದು ಇಲ್ಲೇ. 'ಸುಮ್ನೆ ಮಲಗಿರಿ' ಅಂತ ಮಂಚಕ್ಕೆ ಕಟ್ಟಿಹಾಕುತ್ತೇವೆ. ಅದರಿಂದ ಮೈ ಇನ್ನೂ ಸೋಲುತ್ತದೆ. ಡಾಕ್ಟರು ಒಪ್ಪಿದ ಮೇಲೆ ಸಮತಟ್ಟು ಜಾಗದಲ್ಲಿ ದಿನಕ್ಕೆರಡು ಸಲ 5 ನಿಮಿಷ ನಡೆಸಿ. ವಾರವಾರ ಸ್ವಲ್ಪ ಸ್ವಲ್ಪ ಏರಿಸುತ್ತಾ ಆರೇಳು ವಾರಕ್ಕೆ 30 ನಿಮಿಷಕ್ಕೆ ತನ್ನಿ. ಹಾಸನದವರಿಗೆ ಮಹಾರಾಜ ಪಾರ್ಕ್ ಇದೆ. ಸಕಲೇಶಪುರದ ಕಡೆಯವರು ತೋಟದ ಏರು ಹತ್ತಿಸಬೇಡಿ, ಅಂಗಳದಲ್ಲೇ ತಿರುಗಿಸಿ. ಮಂಜು, ಚಳಿ ಇಳಿದ ಮೇಲೆ, ಊಟವಾಗಿ ಒಂದೆರಡು ಗಂಟೆ ಬಿಟ್ಟು ಹೊರಡಿ. ನಡೆಯುತ್ತಾ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ. ಹತ್ತಿರ ಫಿಸಿಯೋಥೆರಪಿ ಇದ್ದರೆ ಫೈಲ್ ತೋರಿಸಿ, ಅವರಿಂದಲೇ ಲೆಕ್ಕ ಹಾಕಿಸಿಕೊಳ್ಳಿ.

ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಕಡಿಮೆ. ಬೀಡಿ, ಸಿಗರೇಟು, ಕಡ್ಡಿಪುಡಿ ಪೂರ್ತಿ ಬಂದ್.

ಮನಸ್ಸನ್ನೂ ಗಮನಿಸಿ. ಎರಡು ವಾರ ನಿದ್ದೆಯಿಲ್ಲ, ಯಾರ ಹತ್ತಿರವೂ ಮಾತಿಲ್ಲ, ಸಣ್ಣದಕ್ಕೂ ಅಳು. ಹೀಗಿದ್ದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಡಾಕ್ಟರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಕೊನೆಗೆ, ತುರ್ತು ಚೀಟಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ: ಎದೆನೋವು ಬಂದರೆ ಕೂರಿಸಿ. ಡಾಕ್ಟರು ಕೊಟ್ಟಿದ್ದರೆ ನಾಲಿಗೆ ಕೆಳಗಿನ ಮಾತ್ರೆ ಇಡಿ. 5 ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ಬೈಕ್ ಮೇಲೆ ಕೂರಿಸಿಕೊಂಡು ಹೋಗಬೇಡಿ. ಅದರ ಒಂದು ಪ್ರತಿ ಅವರ ಜೇಬಿನಲ್ಲಿ, ಇನ್ನೊಂದು ಪಕ್ಕದ ಮನೆಯವರ ಹತ್ತಿರ ಇರಲಿ.