ಮಳೆಗಾಲದ ನನ್ನ ನಾಯಕಿಯರ ಪಟ್ಟಿ

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ತೋಟಕ್ಕೆ ಇಳಿಯಲಾಗದ ದಿನಗಳೇ ಹೆಚ್ಚು. ಆ ಬಿಡುವಿನಲ್ಲಿ ಹಳೆಯ ಕನ್ನಡ ಚಿತ್ರಗಳನ್ನು ನೋಡಿ, ನನಗೆ ಅತ್ಯುತ್ತಮ ಎನಿಸಿದ ನಾಯಕಿಯ ಹೆಸರನ್ನು ನೋಟ್‌ಬುಕ್ಕಿನ ಎಡಪುಟದಲ್ಲೂ, ಅದೇ ವರ್ಷ ರಾಷ್ಟ್ರಪ್ರಶಸ್ತಿ ಪಡೆದ ನಟಿಯ ಹೆಸರನ್ನು ಬಲಪುಟದಲ್ಲೂ ಬರೆಯುತ್ತಾ ಬಂದಿದ್ದೇನೆ.

ಮೊದಮೊದಲು ನನ್ನ ಎಡಪುಟದ ತುಂಬ ಅಳುವ ಪಾತ್ರಗಳೇ ಇದ್ದವು. ಮೊದಲ ಹೆಸರು ‘ಶರಪಂಜರ’ದ ಕಲ್ಪನಾ ಅವರದು. ಪಾತ್ರದ ಹೆಸರು ಕಾವೇರಿ, ಚಿತ್ರದಲ್ಲಿ ‘ಕೊಡಗಿನ ಕಾವೇರಿ’ ಹಾಡು ಬೇರೆ. ಆ ಆಯ್ಕೆಯಲ್ಲಿ ನನಗೆ ಪಕ್ಷಪಾತವಿರಲಿಲ್ಲವೆಂದರೆ ಇಲ್ಲಿ ಯಾರೂ ನಂಬಲಾರರು. “ನೀವು ಅತ್ತವರಿಗೆ ಮಾತ್ರ ಮಾರ್ಕು ಕೊಡುತ್ತೀರಿ” ಎಂದು ನನ್ನ ಹೆಂಡತಿ ಅಂದದ್ದು ಆಗ ಚುಚ್ಚಿತ್ತು, ಆದರೆ ಸುಳ್ಳಾಗಿರಲಿಲ್ಲ.

ನೋಡುವ ಕ್ರಮ ಬದಲಾದದ್ದು ಮಳೆಯಿಂದ. ಜಗಲಿಗೆ ಶೀಟು ಹೊದಿಸಿದ ಮೇಲೆ, ಮಳೆ ಜೋರಾದರೆ ಲ್ಯಾಪ್‌ಟಾಪಿನ ದನಿ ಎದುರಿಗೆ ಕೂತವರಿಗೂ ಕೇಳುವುದಿಲ್ಲ. ಒಂದು ಸಂಜೆ ‘ಗುಲಾಬಿ ಟಾಕೀಸ್’ ಹಾಗೆ ಮೂಕವಾಗಿಯೇ ಓಡಿತು. ಉಮಾಶ್ರೀ ಅವರನ್ನು ನಾನು ಹಾಸ್ಯ ಪಾತ್ರಗಳಿಂದ ಬಲ್ಲವನಾದ್ದರಿಂದ, ಅವರ ಅಭಿನಯವೆಂದರೆ ಮಾತಿನ ಪಟಪಟ ಎಂದೇ ತಿಳಿದಿದ್ದೆ. ಮಾತು ಕಳೆದುಹೋದ ಮೇಲೆ ಕಂಡದ್ದು ಬೇರೆ. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಬಣ್ಣದ ಟಿವಿ, ಡಿಶ್ ಪಡೆದ ಸಿನಿಮಾ ಹುಚ್ಚಿನ ಸೂಲಗಿತ್ತಿಯ ಮುಖದಲ್ಲಿ, ಆ ಪೆಟ್ಟಿಗೆಯ ಮುಂದೆ ಕೂತಾಗ, ವಯಸ್ಸೇ ಇಳಿದುಹೋಗುತ್ತದೆ. ಎಡಪುಟದಲ್ಲಿ ಬೇರೊಂದು ಹೆಸರು ಬರೆದಿದ್ದೆ, ಅದನ್ನು ಹೊಡೆದುಹಾಕಿದೆ. ಅಂದಿನಿಂದ ಯಾವ ಚಿತ್ರವನ್ನೇ ಆಗಲಿ ಮೊದಲು ದನಿ ಮುಚ್ಚಿ ನೋಡುತ್ತೇನೆ, ವಾರ ಬಿಟ್ಟು ದನಿಯೊಂದಿಗೆ ನೋಡುತ್ತೇನೆ.

ವರ್ಷ ಹೊಂದಿಸುವಾಗಲೂ ಎಡವಿದ್ದೆ. ರಾಷ್ಟ್ರಪ್ರಶಸ್ತಿಗೆ ಲೆಕ್ಕವಾಗುವುದು ಚಿತ್ರ ತೆರೆಕಂಡ ವರ್ಷವಲ್ಲ, ಸೆನ್ಸಾರ್ ಪ್ರಮಾಣಪತ್ರ ಸಿಕ್ಕ ವರ್ಷ. ಹಾಗಾಗಿ 2008ರಲ್ಲಿ ತೆರೆಗೆ ಬಂದ ‘ಗುಲಾಬಿ ಟಾಕೀಸ್’ಗೆ ಉಮಾಶ್ರೀ ಪಡೆದದ್ದು 2007ರ ಪ್ರಶಸ್ತಿ. ಇದನ್ನು ತಿಳಿಯದೆ ಹಲವು ಹೆಸರುಗಳನ್ನು ತಪ್ಪು ಸಾಲಿನಲ್ಲಿ ಎದುರುಬದುರು ನಿಲ್ಲಿಸಿದ್ದೆ.

ಕನ್ನಡ ಚಿತ್ರದ ಅಭಿನಯಕ್ಕೆ ಈ ಪ್ರಶಸ್ತಿ ಬಂದ ಇನ್ನೆರಡು ಸಂದರ್ಭಗಳೆಂದರೆ 1973ರ ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ ಮತ್ತು 2004ರ ‘ಹಸೀನಾ’ ಚಿತ್ರದ ತಾರಾ. ತಾರಾ ಅವರ ವಿಷಯದಲ್ಲಿ ನನ್ನ ಎರಡೂ ಪುಟಗಳು ಒಂದೇ. ‘ಕಾಡು’ ಮಾತ್ರ ನನ್ನನ್ನು ಸತಾಯಿಸಿತು, ಏಕೆಂದರೆ ಅಲ್ಲಿ ನಾವು ನಂದಿನಿ ಅವರ ಪಾತ್ರವಾದ ಕಮಲಿಯನ್ನು ಕಾಣುವುದು ಬಹುಪಾಲು ಹುಡುಗ ಕಿಟ್ಟಿಯ ಕಣ್ಣಿನಿಂದ. ಮಗುವಿಗೆ ಅರ್ಥವಾಗದ ದುಃಖವನ್ನು ನೋಡುಗನಿಗೆ ಮಾತ್ರ ತಲುಪಿಸಬೇಕು. ಅದು ಎಷ್ಟು ಕಷ್ಟದ ಕೆಲಸವೆಂದು ತಿಳಿಯಲು ನನಗೆ ಮೂರು ಸಲ ನೋಡಬೇಕಾಯಿತು.

ಬಲಪುಟದೊಂದಿಗೆ ನನ್ನ ನಿಜವಾದ ಜಗಳ ‘ದ್ವೀಪ’ದ ಸೌಂದರ್ಯ ಅವರದು. 2001ರ ಸಾಲಿನಲ್ಲಿ ಆ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಬಂತು. ನಿರ್ಮಾಪಕಿ ಅವರೇ ಆದ್ದರಿಂದ ಆ ಗೌರವದಲ್ಲಿ ಅವರಿಗೂ ಪಾಲಿತ್ತು; ಅತ್ಯುತ್ತಮ ನಟಿ ಪ್ರಶಸ್ತಿ ಮಾತ್ರ ‘ಚಾಂದನಿ ಬಾರ್’ನ ತಬು ಮತ್ತು ‘ಮಿತ್ರ್, ಮೈ ಫ್ರೆಂಡ್’ನ ಶೋಭನಾ ಅವರಿಗೆ ಹಂಚಿಹೋಯಿತು. ಮುಳುಗಡೆಯ ಊರಿನಲ್ಲಿ, ಏರುವ ನೀರಿನ ನಡುವೆ ಮನೆಯನ್ನು ಉಳಿಸಿಕೊಳ್ಳುವವಳು ಸೌಂದರ್ಯ ಅವರ ಪಾತ್ರವಾದ ನಾಗಿ. ಕೊನೆಯಲ್ಲಿ ಗಂಡ ಅದೆಲ್ಲವನ್ನೂ ದೇವರ ದಯೆಗೆ ಒಪ್ಪಿಸಿಬಿಡುತ್ತಾನೆ. ಅದನ್ನು ಕೇಳಿಸಿಕೊಳ್ಳುವ ಸೌಂದರ್ಯ ಅವರ ಮುಖದಲ್ಲಿ ಸಿಟ್ಟಿಗಿಂತ ಮೊದಲು ಆಯಾಸ ಬರುತ್ತದೆ. ವಾರಗಟ್ಟಲೆ ಬಿಡದ ಮಳೆಯಲ್ಲಿ ಒಲೆಗೆ ಒಣ ಸೌದೆ ಹೊಂದಿಸುವ ಹೆಂಗಸರ ಮುಖದಲ್ಲಿ ಅಂಥ ಆಯಾಸವನ್ನು ನಾನು ಇಲ್ಲಿ ಪ್ರತಿ ವರ್ಷ ನೋಡುತ್ತೇನೆ. ದನಿ ಮುಚ್ಚಿದಾಗಲೂ, ತೆರೆದಾಗಲೂ ನನ್ನ ತೀರ್ಪು ಕದಲಲಿಲ್ಲ.

ಆದರೂ ಆ ಸಾಲಿನಲ್ಲಿ ಸೌಂದರ್ಯ ಅವರ ಹೆಸರನ್ನು ಪೆನ್ಸಿಲಿನಲ್ಲೇ ಬರೆದಿದ್ದೇನೆ. ಪ್ರಶಸ್ತಿ ಗೆದ್ದ ಅಭಿನಯವನ್ನು ನೋಡದೆ ಎಡಪುಟಕ್ಕೆ ಇಂಕು ಹಾಕಬಾರದೆಂಬುದು ನಾನೇ ಮಾಡಿಕೊಂಡ ನಿಯಮ. ತಬು ಅವರ ಚಿತ್ರವನ್ನು ನೋಡಿದ್ದಾಯಿತು. ಶೋಭನಾ ಅವರದನ್ನು ಈ ಕಕ್ಕಡಕ್ಕೆಂದು ಎತ್ತಿಟ್ಟಿದ್ದೇನೆ.