ಬ್ರಿಡ್ಜ್ ನಿಲ್ಲುವುದು ಪಕ್ಕದ ಹಲ್ಲುಗಳ ಮೇಲೆ

ಹಲ್ಲು ಕಟ್ಟಿಸಿಕೊಳ್ಳಲು ಬರುವವರು ಬೆರಳಿಟ್ಟು ತೋರಿಸುವುದು ಖಾಲಿ ಜಾಗವನ್ನು. ನಾನು ಮೊದಲು ನೋಡುವುದು ಅದರ ಆಚೆ ಈಚೆ ಇರುವ ಹಲ್ಲುಗಳನ್ನು. ಬ್ರಿಡ್ಜ್ ಅಂದರೆ ಆ ಹಲ್ಲುಗಳನ್ನು ಅರೆದು ತಿದ್ದಿ, ಅವುಗಳ ಮೇಲೆ ಕ್ಯಾಪ್‌ನಂತೆ ಕೂರಿಸುವ, ನಡುವೆ ಕಟ್ಟಿದ ಹಲ್ಲಿರುವ ಜೋಡಣೆ. ಕೊಡಗಿನ ಗೋಣಿಕೊಪ್ಪಲಿನಲ್ಲಿ ಕ್ಲಿನಿಕ್ ನಡೆಸುತ್ತಾ, ಬ್ರಿಡ್ಜ್ ಕೂರಿಸುತ್ತಾ ಬಂದ ಮೇಲೆ ನನಗೆ ಖಾತ್ರಿಯಾಗಿರುವ ಮಾತು ಇದು: ಬ್ರಿಡ್ಜ್ ಎಷ್ಟು ವರ್ಷ ಬಾಳುತ್ತದೆ ಎಂದು ತೀರ್ಮಾನಿಸುವುದು ಆ ಎರಡು ಹಲ್ಲುಗಳೇ. ನಡುವೆ ಕೂರುವ ಹೊಸ ಹಲ್ಲು ಎಷ್ಟೇ ಚೆಂದ ಇರಲಿ, ಆಸರೆ ಹಲ್ಲಿಗೆ ಹುಳುಕು ಹಿಡಿದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ.

ನಾನು ನೋಡುವ ಬಾಯಿಗಳಲ್ಲಿ ಜಾಸ್ತಿ ಕಾಣೆಯಾಗಿರುವುದು ಕೆಳಗಿನ ಮೊದಲ ದವಡೆ ಹಲ್ಲು. ಮಗುವಿಗೆ ಆರು ವರ್ಷ ಆಗುವ ಹೊತ್ತಿಗೆ, ಹಾಲುಹಲ್ಲುಗಳ ಹಿಂದೆ, ಯಾರಿಗೂ ಗೊತ್ತಾಗದ ಹಾಗೆ ಹುಟ್ಟುವ ಹಲ್ಲು ಅದು. ಮನೆಯವರು ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಹುಳುಕಾದರೆ ‘ಬಿದ್ದು ಬೇರೆ ಬರುತ್ತೆ ಬಿಡಿ’ ಎನ್ನುತ್ತಾರೆ. ಬರುವುದಿಲ್ಲ. ಕೊನೆಗೆ ನೋವು ತಡೆಯಲಾಗದೆ ಕೀಳಿಸಿ, ವರ್ಷಗಟ್ಟಲೆ ಇನ್ನೊಂದು ಕಡೆಯಿಂದಲೇ ಅಗಿಯುತ್ತಾರೆ. ಅಷ್ಟು ದಿನ ಉಳಿದ ಹಲ್ಲುಗಳು ಇದ್ದಲ್ಲೇ ಇರುವುದಿಲ್ಲ. ಹಿಂದಿನ ದವಡೆ ಹಲ್ಲು ಖಾಲಿ ಜಾಗದ ಕಡೆಗೆ ವಾಲುತ್ತದೆ. ಮೇಲಿನ ಹಲ್ಲು, ಎದುರಿಗೆ ತಡೆ ಇಲ್ಲದೆ, ಮೆಲ್ಲಗೆ ಕೆಳಗಿಳಿಯುತ್ತದೆ.

ಕುಟ್ಟದ ಕಡೆಯಿಂದ ಬಂದ ಒಬ್ಬ ಅಕ್ಕನ ಬಾಯಿ ಹೀಗೇ ಇತ್ತು. ‘ಡಾಕ್ಟ್ರೇ, ಒಂದೇ ಹಲ್ಲು ತಾನೇ? ಪುತ್ತರಿ ಹಬ್ಬಕ್ಕೆ ಮೊದಲು ಕೂರಿಸಿಬಿಡಿ. ಆಮೇಲೆ ತೋಟದಲ್ಲಿ ಕುಯ್ಲು ಶುರುವಾದರೆ ಬರೋಕಾಗಲ್ಲ’ ಅಂದರು. ನಾನು ಅವರ ಬಾಯಿಯ ಅಳತೆ ತೆಗೆದು ಮಾಡಿದ ಪ್ಲಾಸ್ಟರ್ ಅಚ್ಚನ್ನು ಅವರ ಕೈಗೇ ಕೊಟ್ಟೆ. ‘ಅಕ್ಕ, ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿ ಪಕ್ಕದಿಂದ ನೋಡಿ’ ಅಂದೆ. ಮೇಲಿನ ಹಲ್ಲು ಖಾಲಿ ಜಾಗದ ಅರ್ಧ ಎತ್ತರದವರೆಗೆ ಇಳಿದಿತ್ತು. ಹಿಂದಿನ ಹಲ್ಲು ಮುಂದಕ್ಕೆ ಬಾಗಿತ್ತು. ‘ಅಯ್ಯೋ, ಇಲ್ಲಿ ಹೊಸ ಹಲ್ಲಿಗೆ ಜಾಗ ಎಲ್ಲಿದೆ?’ ಎಂದು ಅವರೇ ಕೇಳಿದರು. ಅಚ್ಚು ಕೈಯಲ್ಲಿದ್ದರೆ ನಾನು ಉದ್ದಕ್ಕೆ ವಿವರಿಸಬೇಕಿಲ್ಲ.

ವಾಲಿದ ಹಲ್ಲು ನಮಗೆ ಯಾಕೆ ತೊಂದರೆ ಅಂದರೆ, ಬ್ರಿಡ್ಜ್ ಒಂದೇ ತುಂಡು. ಎರಡೂ ಆಸರೆ ಹಲ್ಲುಗಳ ಮೇಲೆ ಒಂದೇ ದಿಕ್ಕಿನಿಂದ ಇಳಿದು ಕೂರಬೇಕು. ಎರಡು ಹಲ್ಲುಗಳ ನಡುವಿನ ಓರೆ ಸುಮಾರು 25 ಡಿಗ್ರಿ ದಾಟಿದರೆ, ತಿದ್ದಿ ಸರಿಮಾಡಲು ಹೋದಾಗ ಒಳಗಿನ ನರವೇ ತೆರೆದುಕೊಳ್ಳಬಹುದು. ಅಂಥವರಿಗೆ ಮೊದಲು ಕ್ಲಿಪ್ ಹಾಕಿ ಹಲ್ಲನ್ನು ನೆಟ್ಟಗೆ ಮಾಡಿಕೊಳ್ಳಲು ಹೇಳುತ್ತೇನೆ. ಈ ಅಕ್ಕನ ಓರೆ ಅಷ್ಟಿರಲಿಲ್ಲ. ಮೇಲಿನ ಹಲ್ಲನ್ನು ಮಾತ್ರ ತಗ್ಗಿಸಿ ಕ್ಯಾಪ್ ಹಾಕಬೇಕಾಯಿತು.

ಆಮೇಲೆ ಎಕ್ಸ್-ರೇ. 1926ರಲ್ಲಿ ಆಂಟೆ ಎಂಬ ದಂತವೈದ್ಯರು ಒಂದು ಲೆಕ್ಕ ಕೊಟ್ಟರು: ಆಸರೆ ಹಲ್ಲುಗಳ ಬೇರಿನ ಮೈಯ ವಿಸ್ತೀರ್ಣ, ಕಳೆದುಹೋದ ಹಲ್ಲುಗಳ ಬೇರಿನ ಮೈಯ ವಿಸ್ತೀರ್ಣಕ್ಕೆ ಸಮ ಇರಬೇಕು, ಇಲ್ಲವೇ ಹೆಚ್ಚಿರಬೇಕು. ಈಗ ಅದನ್ನು ಅಕ್ಷರಶಃ ಹಿಡಿಯಬೇಕಿಲ್ಲ. ವಸಡು ಆರೋಗ್ಯವಾಗಿದ್ದರೆ ಹಲ್ಲು ಅದಕ್ಕಿಂತ ಜಾಸ್ತಿ ಭಾರ ತಡೆಯುತ್ತದೆ. ಆದರೂ ಎಕ್ಸ್-ರೇ ನೋಡುವಾಗ ಆ ಲೆಕ್ಕ ನನ್ನ ತಲೆಯಲ್ಲಿರುತ್ತದೆ. ಹಲ್ಲು ಅಲ್ಲಾಡುತ್ತಿದ್ದರೆ, ಮೂಳೆ ಬೇರಿನ ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ, ಅದರ ಮೇಲೆ ಬ್ರಿಡ್ಜ್ ಹೇರುವುದಿಲ್ಲ. ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ಪಕ್ಕದ ಎರಡೂ ಹಲ್ಲು ಒಂದು ಫಿಲ್ಲಿಂಗೂ ಇಲ್ಲದೆ ಗಟ್ಟಿಮುಟ್ಟಾಗಿದ್ದರೆ, ಮೂಳೆಯೂ ಚೆನ್ನಾಗಿದ್ದರೆ, ನನ್ನ ಮೊದಲ ಸಲಹೆ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೇ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು. ಒಳ್ಳೆಯ ಹಲ್ಲನ್ನು ಸುತ್ತಲೂ ತಿದ್ದುವುದು ನನಗೆ ಸಂಕಟದ ಕೆಲಸ. ತಿದ್ದಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಬಣ್ಣ ಆರಿಸುವುದು ತಿದ್ದುವುದಕ್ಕೂ ಮೊದಲೇ ಆಗಬೇಕು. ಬಾಯಿ ತೆರೆದು ಸ್ವಲ್ಪ ಹೊತ್ತಾದರೆ ಹಲ್ಲು ಒಣಗಿ ಬೆಳ್ಳಗೆ ಕಾಣುತ್ತದೆ. ಆ ಬಿಳುಪನ್ನು ನಂಬಿ ಲ್ಯಾಬಿಗೆ ಬರೆದರೆ, ಬಂದ ಹಲ್ಲು ಬಾಯಲ್ಲಿ ಬೇರೆಯಾಗಿಯೇ ಕಾಣುತ್ತದೆ. ಹಗಲು ಬೆಳಕಿನಲ್ಲಿ ನೋಡುವುದು ವಾಡಿಕೆ. ಆದರೆ ಕೊಡಗಿನ ಜುಲೈನಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಮೋಡ ಕವಿದು ಬೆಳಕು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೇ ಮಳೆಗಾಲದಲ್ಲಿ ಹಗಲಿನ ಬೆಳಕಿಗೆ ಹತ್ತಿರದ, 5500 ಕೆಲ್ವಿನ್‌ನ ದೀಪ ಬಳಸುತ್ತೇನೆ. ಲಿಪ್‌ಸ್ಟಿಕ್ ಒರೆಸಿಸುತ್ತೇನೆ. ಹಲ್ಲಿನ ಬಣ್ಣಗಳ ಮಾದರಿ ಇರುವ ಶೇಡ್ ಪಟ್ಟಿಯನ್ನು ಒದ್ದೆ ಮಾಡಿ ಹಲ್ಲಿನ ಪಕ್ಕ ಹಿಡಿದು, ಐದು ಸೆಕೆಂಡ್ ನೋಡಿ ಕಣ್ಣು ತೆಗೆಯುತ್ತೇನೆ. ಜಾಸ್ತಿ ಹೊತ್ತು ದಿಟ್ಟಿಸಿದರೆ ಪಟ್ಟಿಯಲ್ಲಿ ಅಕ್ಕಪಕ್ಕದ ಬಣ್ಣಗಳಾದ ಎ2 ಯಾವುದು, ಎ3 ಯಾವುದು ಕಣ್ಣಿಗೇ ಗೊತ್ತಾಗುವುದಿಲ್ಲ. ಕೋರೆ ಹಲ್ಲು ಉಳಿದವುಗಳಿಗಿಂತ ಸ್ವಲ್ಪ ಹಳದಿ ಇರುವುದು ಸಹಜ. ಅದನ್ನೂ ಬೆಳ್ಳಗೆ ಮಾಡಿ ಎಂದು ಕೇಳುವವರಿಗೆ ಕನ್ನಡಿ ಕೊಟ್ಟು ಇನ್ನೊಂದು ಬದಿಯ ಕೋರೆ ಹಲ್ಲನ್ನು ತೋರಿಸುತ್ತೇನೆ.

ಹಲ್ಲು ಕಿತ್ತ ಗಾಯ ಮಾಯಲು ಎರಡು ಮೂರು ತಿಂಗಳು ಬಿಡುತ್ತೇನೆ. ವಸಡು ಕುಗ್ಗುವುದಕ್ಕೆ ಮೊದಲೇ ಬ್ರಿಡ್ಜ್ ಹಾಕಿದರೆ ಕೆಳಗೆ ಸಂದು ಬೀಳುತ್ತದೆ.

ತಿದ್ದುವ ದಿನ ಅಗಿಯುವ ಮೇಲ್ಮೈಯಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್ ತೆಗೆಯುತ್ತೇನೆ. ಪಕ್ಕದ ಗೋಡೆಗಳು ಮೇಲಕ್ಕೆ ಹೋದಂತೆ ಸ್ವಲ್ಪವೇ ಒಳಕ್ಕೆ ಸರಿಯಬೇಕು. ಜಾಸ್ತಿ ಚೂಪಾದರೆ ಕ್ಯಾಪ್ ಹಿಡಿದು ನಿಲ್ಲುವುದಿಲ್ಲ. ವಸಡಿನ ಅಂಚಿನಲ್ಲಿ ತೆಳುವಾದ ದಾರ ಒತ್ತಿ, ವಸಡು ಸರಿದ ಮೇಲೆ ಸಿಲಿಕೋನ್‌ನಿಂದ ಅಳತೆ ತೆಗೆಯುತ್ತೇನೆ. ಇಲ್ಲಿ ನನಗೆ ಹಟ ಇದೆ. ನನ್ನ ಅಳತೆ ಬಸ್ಸಿನಲ್ಲಿ ಮೈಸೂರಿನ ಲ್ಯಾಬಿಗೆ ಹೋಗುತ್ತದೆ. ಮಳೆ ಜೋರಾಗಿ ಮರ ಬಿದ್ದರೆ ಅದು ಲ್ಯಾಬ್ ಸೇರುವುದು ಮರುದಿನವೋ ಅದರ ಮರುದಿನವೋ. ನೀರು ಬೆರೆಸಿ ಕಲಸುವ ಅಗ್ಗದ ಆಲ್ಜಿನೇಟ್ ಪುಡಿಯ ಅಳತೆಯಾಗಿದ್ದರೆ ಅಷ್ಟರಲ್ಲಿ ಒಣಗಿ ಕುಗ್ಗಿರುತ್ತದೆ. ನಾನು ಬಳಸುವ ಅಡಿಷನ್ ಬಗೆಯ ಸಿಲಿಕೋನ್ ದಿನಗಟ್ಟಲೆ ಅಳತೆ ಬಿಡುವುದಿಲ್ಲ. ದುಡ್ಡು ಜಾಸ್ತಿಯಾದರೂ ಆಸರೆ ಹಲ್ಲಿನ ಅಂಚು ಕೂದಲೆಳೆಯಷ್ಟೂ ತಪ್ಪಬಾರದು. ಅಂಚಿನಲ್ಲಿ ಸಂದು ಉಳಿದರೆ ಹುಳುಕು ಶುರುವಾಗುವುದು ಅಲ್ಲಿಂದಲೇ. ಬ್ರಿಡ್ಜ್ ಬರುವವರೆಗೆ ತಾತ್ಕಾಲಿಕ ಹಲ್ಲು ಕೂರಿಸಿ ಕಳಿಸುತ್ತೇನೆ. ಅದು ಕಳಚಿದರೆ ಅದೇ ವಾರ ಬರಲು ಹೇಳುತ್ತೇನೆ. ತಿದ್ದಿದ ಹಲ್ಲು ಆಸರೆ ಇಲ್ಲದೆ ಬಿಟ್ಟರೆ ಜಾಗ ಬದಲಿಸುತ್ತದೆ.

ಯಾವುದರಲ್ಲಿ ಮಾಡಿಸುವುದು ಎಂದು ಎಲ್ಲರೂ ಕೇಳುತ್ತಾರೆ. ಒಳಗೆ ಲೋಹ, ಹೊರಗೆ ಪಿಂಗಾಣಿ ಇರುವುದು ಹಳೆಯ, ನಂಬಿಕಸ್ತ ದಾರಿ. ಲೋಹ ಸಾಮಾನ್ಯವಾಗಿ ನಿಕಲ್ ಮತ್ತು ಕ್ರೋಮಿಯಂ ಮಿಶ್ರಣ. ಆರ್ಟಿಫಿಶಿಯಲ್ ಓಲೆ ಹಾಕಿದರೆ ಕಿವಿ ತುರಿಸುತ್ತದಾ ಎಂದು ಹೆಂಗಸರನ್ನು ಕೇಳಿಯೇ ಮುಂದುವರಿಯುತ್ತೇನೆ. ಹೌದು ಅಂದರೆ ನಿಕಲ್ ಬೇಡ, ಪಿಂಗಾಣಿಯಂಥ ಗಟ್ಟಿ ಬಿಳಿ ವಸ್ತು ಜಿರ್ಕೋನಿಯಾ. ಯಾವುದೇ ಆಗಲಿ, ಕೈಲ್ ಮುಹೂರ್ತ ಹಬ್ಬದ ದಿನ ಪಂದಿಕರಿಯ ಮೂಳೆಯನ್ನು ಆ ಕಡೆಯಿಂದ ಕಡಿಯಬೇಡಿ. ಪಿಂಗಾಣಿಯ ಚೂರು ಏಳುತ್ತದೆ.

ಹುಡುಗರ ವಿಷಯ ಬೇರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನಮ್ಮ ಬೇಸಿಗೆಯ ಸಂಭ್ರಮ. ಆಟ ಅಂದ ಮೇಲೆ ಮುಂದಿನ ಹಲ್ಲಿಗೆ ಪೆಟ್ಟು ಬೀಳುವುದೂ ಇದೆ. ಹಲ್ಲು ಬೇರು ಸಮೇತ ಬಿದ್ದರೆ ಬೇರನ್ನು ಉಜ್ಜಬೇಡಿ. ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ತನ್ನಿ, ಮತ್ತೆ ಕೂರಿಸಬಹುದು. ಉಳಿಸಲು ಆಗದಿದ್ದರೆ, ಹದಿನಾರು ಹದಿನೇಳರ ಹುಡುಗನಿಗೆ ಪೂರ್ತಿ ಬ್ರಿಡ್ಜ್ ಹಾಕುವುದಿಲ್ಲ. ಆ ವಯಸ್ಸಿನಲ್ಲಿ ಹಲ್ಲಿನೊಳಗಿನ ನರದ ಕೋಣೆ ದೊಡ್ಡದು, ತಿದ್ದಿದರೆ ನರಕ್ಕೇ ಏಟು. ದವಡೆ ಬೆಳೆಯುತ್ತಿರುವಾಗ ಇಂಪ್ಲಾಂಟೂ ಆಗದು. ಹಾಗಾಗಿ ಮೇರಿಲ್ಯಾಂಡ್ ಬ್ರಿಡ್ಜ್. ಪಕ್ಕದ ಹಲ್ಲಿನ ಹಿಂಬದಿಗೆ ತೆಳುವಾದ ರೆಕ್ಕೆ ಅಂಟಿಸುವ ವಿಧಾನ ಇದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದರಿಂದ ಈ ಹೆಸರು. ಮುಂದಿನ ಒಂದು ಹಲ್ಲಿಗೆ ನಾನು ಒಂದೇ ಕಡೆ ರೆಕ್ಕೆ ಇಡುತ್ತೇನೆ. ಎರಡು ಕಡೆ ಅಂಟಿಸಿದರೆ ಒಂದು ಬಿಟ್ಟುಕೊಂಡದ್ದು ಗೊತ್ತಾಗದೆ ಒಳಗೇ ಹುಳುಕಾಗುತ್ತದೆ. ಒಂದೇ ಇದ್ದರೆ, ಬಿಟ್ಟರೆ ಕೈಗೇ ಬರುತ್ತದೆ, ಮತ್ತೆ ಅಂಟಿಸಿದರಾಯಿತು.

ಕೂರಿಸುವ ದಿನ ಅವಸರ ಮಾಡುವುದಿಲ್ಲ. ನೀಲಿ ಕಾಗದ ಕಚ್ಚಿಸಿ ಎತ್ತರ ನೋಡುತ್ತೇನೆ. ಗುರುತು ದಟ್ಟವಾಗಿ ಬಿದ್ದ ಕಡೆ ಸವರಿ ಮತ್ತೆ ಕಚ್ಚಿಸುತ್ತೇನೆ. ಹಲ್ಲನ್ನು ಅತಿಯಾಗಿ ಒಣಗಿಸದೆ ಮೇಲಿನ ತೇವವನ್ನಷ್ಟೇ ತೆಗೆದು, ಗ್ಲಾಸ್ ಅಯೊನೊಮರ್ ಸಿಮೆಂಟ್ ಕಲಸಿ, ಬ್ರಿಡ್ಜ್ ಒತ್ತಿ, ಹತ್ತಿ ಕಚ್ಚಿಸಿ ಕೂರಿಸುತ್ತೇನೆ. ಹೊರಗೆ ಉಕ್ಕಿದ ಸಿಮೆಂಟ್ ಗಟ್ಟಿಯಾದಾಗ ಕೊಕ್ಕೆಯಿಂದ ಬಿಡಿಸುತ್ತೇನೆ. ಕೊನೆಗೆ ಫ್ಲಾಸ್ ದಾರದ ನಡುವೆ ಒಂದು ಗಂಟು ಹಾಕಿ, ಬ್ರಿಡ್ಜಿನ ಕೆಳಗಿಂದ ಎಳೆಯುತ್ತೇನೆ. ಕಣ್ಣಿಗೆ ಬೀಳದ ಚೂರುಗಳು ಆ ಗಂಟಿಗೆ ಸಿಕ್ಕಿ ಹೊರಬರುತ್ತವೆ. ಒಂದು ಚೂರು ಒಳಗುಳಿದರೂ ವಸಡು ಊದಿಕೊಳ್ಳುತ್ತದೆ.

ಕುಟ್ಟದ ಅಕ್ಕನಿಗೆ ಅಂದೇ ಕನ್ನಡಿ ಮುಂದೆ ಸಣ್ಣ ಸಂದಿನ ಬ್ರಶ್ ಕೊಟ್ಟು, ಹೊಸ ಹಲ್ಲಿನ ಕೆಳಗೆ ತೂರಿಸಿ ಕಲಿಸಿದೆ. ‘ಇದಕ್ಕೂ ಉಜ್ಜಬೇಕಾ? ಕಟ್ಟಿಸಿದ ಹಲ್ಲಿಗೆ ಹುಳುಕು ಬರಲ್ಲ ಅಲ್ವಾ?’ ಎಂದರು. ಕಟ್ಟಿಸಿದ್ದಕ್ಕೆ ಬರುವುದಿಲ್ಲ. ಅದರಡಿ ಇರುವುದು ಅವರ ಸ್ವಂತ ಹಲ್ಲು, ಅದಕ್ಕೆ ಬರುತ್ತದೆ. ರಾತ್ರಿ ಮಲಗುವ ಮುಂಚೆ ಆ ಬ್ರಶ್ ಆಡಿಸದಿದ್ದರೆ ನಾನು ಮಾಡಿದ್ದೆಲ್ಲ ವ್ಯರ್ಥ ಎಂದೇ ಹೇಳಿದೆ.

ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುವ ಬ್ರಿಡ್ಜ್‌ಗಳಿವೆ. ಬಹಳ ಸಲ ಕೆಡುವುದು ಒಂದು ತುದಿಯ ಸಿಮೆಂಟ್ ಬಿಟ್ಟು. ಇನ್ನೊಂದು ತುದಿ ಹಿಡಿದಿರುತ್ತದೆ, ಆದ್ದರಿಂದ ಬ್ರಿಡ್ಜ್ ಬೀಳುವುದಿಲ್ಲ, ನೋವೂ ಇರುವುದಿಲ್ಲ. ಬಾಯಲ್ಲಿ ಒಂಥರಾ ಕೆಟ್ಟ ರುಚಿ, ಅದೇ ಮೊದಲ ಸೂಚನೆ. ನಾನು ಬೆರಳಿನಿಂದ ಒತ್ತಿ ಬಿಡುತ್ತೇನೆ. ಸಡಿಲವಾಗಿದ್ದರೆ ಅಂಚಿನಲ್ಲಿ ಎಂಜಲಿನ ಸಣ್ಣ ಗುಳ್ಳೆಗಳು ಏಳುತ್ತವೆ. ಬೇಗ ಸಿಕ್ಕಿದರೆ ತೆಗೆದು, ಹುಳುಕು ಕೆರೆದು, ಹಲ್ಲು ಉಳಿಸಿಕೊಳ್ಳಬಹುದು. ತಡವಾದರೆ ಆ ಆಸರೆ ಹಲ್ಲನ್ನೂ ಕೀಳಬೇಕಾಗುತ್ತದೆ, ಮುಂದಿನ ಬ್ರಿಡ್ಜ್‌ಗೆ ಇನ್ನೊಂದು ಒಳ್ಳೆಯ ಹಲ್ಲನ್ನು ತಿದ್ದಬೇಕಾಗುತ್ತದೆ. ಕುಯ್ಲು ಮುಗಿದು ತೋಟದ ಕೆಲಸ ಸ್ವಲ್ಪ ಹಗುರಾದಾಗ, ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆ ಬಂದು ಒತ್ತಿಸಿಕೊಂಡು ಹೋಗಿ ಎಂದು ಎಲ್ಲರಿಗೂ ಹೇಳುತ್ತೇನೆ.