ಹಳೆಯ ಸೈನಿಕ ಚಾಕು, ಹೊಸ ಸೈನಿಕ ಚಾಕು: ಹೋಲಿಸಿ ನೋಡುವ ಬಗೆ

ಸ್ವಿಟ್ಜರ್ಲೆಂಡ್ ಸೈನ್ಯಕ್ಕಾಗಿ ವಿಕ್ಟೋರಿನಾಕ್ಸ್ ಮಾಡಿದ ಮಡಚುವ ಚಾಕುಗಳಲ್ಲಿ ಎರಡು ಮಾದರಿಗಳು ಜನರ ಕೈಯಲ್ಲಿ ಹೆಚ್ಚು ಓಡಾಡುತ್ತವೆ. ಮೊದಲನೆಯದು 1961ರದು. ಬೆಳ್ಳಿ ಬಣ್ಣದ, ಸಣ್ಣ ಚೌಕಳಿ ಉಬ್ಬುಗಳಿರುವ ಅಲ್ಯುಮಿನಿಯಂ ಹಿಡಿ. ಮಡಚಿದಾಗ 93 ಮಿ.ಮೀ. ಉದ್ದ, ತೂಕ 70 ಗ್ರಾಂ ಆಸುಪಾಸು. ಅದರ ಜಾಗಕ್ಕೆ ಬಂದದ್ದು 2008ರ ಮಾದರಿ. ಹಸಿರು ನೈಲಾನ್ ಹಿಡಿಯಲ್ಲಿ ಜಾರದಂತೆ ಕೂರಿಸಿದ ಕಪ್ಪು ಪಟ್ಟಿ, 111 ಮಿ.ಮೀ. ಉದ್ದ, 131 ಗ್ರಾಂ ತೂಕ. ಹೊಸದು ಬಂತೆಂದರೆ ಹಳೆಯದು ಕೆಲಸಕ್ಕೆ ಬಾರದು ಎಂದುಕೊಂಡು ರೊಕ್ಕ ಕೊಡುವವರೇ ಹೆಚ್ಚು. ಈ ಎರಡು ಚಾಕುಗಳ ಮಟ್ಟಿಗೆ ಆ ಲೆಕ್ಕ ತಪ್ಪುತ್ತದೆ. ಹೊಸದು ಹೊಲಕ್ಕೆ ಹೋಗುವವರ ಚಾಕು, ಹಳೆಯದು ಕಿಸೆಯಲ್ಲೇ ಇರಬೇಕಾದ ಚಾಕು. ನಿಮಗೆ ಯಾವುದು ಬೇಕೆಂಬುದು ಒಂದು ತಾಸಿನ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಮೊದಲು ಏನೇನು ಬದಲಾಯಿತು ನೋಡಿ. 1961ರದರಲ್ಲಿ ನಾಲ್ಕೇ ಸಲಕರಣೆ: ನೇರ ಅಂಚಿನ ಅಲಗು, ದಬ್ಬಣ, ತುದಿಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಇರುವ ಡಬ್ಬಿ ಓಪನರ್, ದೊಡ್ಡ ಸ್ಕ್ರೂಡ್ರೈವರ್ ಇರುವ ಬಾಟಲಿ ಓಪನರ್. ಬೀಗವಿಲ್ಲ, ಬೆನ್ನಿನ ಸ್ಪ್ರಿಂಗ್ ಬಿಗಿತವೇ ಅಲಗನ್ನು ತೆರೆದು ಹಿಡಿಯುತ್ತದೆ. 2008ರದರಲ್ಲಿ ಇವೆಲ್ಲದರ ಜೊತೆ ಮರ ಕೊಯ್ಯುವ ಗರಗಸ, ಪ್ಲಸ್ ಸ್ಕ್ರೂಡ್ರೈವರ್ ಮತ್ತು ಒಂದು ರಿಂಗು ಸೇರಿವೆ. ಅಲಗಿನಲ್ಲಿ ಹೆಬ್ಬೆರಳು ಹಾಕಿ ಒಂದೇ ಕೈಯಲ್ಲಿ ತೆರೆಯಲು ದೊಡ್ಡ ತೂತು ಇದೆ. ಅಲಗಿಗೂ ದೊಡ್ಡ ಸ್ಕ್ರೂಡ್ರೈವರಿಗೂ ಬೀಗ ಬಂದಿದೆ. ಅಂಚಿನ ಮುಂಭಾಗಕ್ಕೆ ಅಲೆಯಂಥ ಹಲ್ಲು, ಹಿಡಿಯ ಹತ್ತಿರ ಮಾತ್ರ ನೇರ ಅಂಚು.

ಬದಲಾಗದೆ ಉಳಿದದ್ದು ಉಕ್ಕಿನ ಹದ. ಈ ಕಂಪನಿಯ ಚಾಕುಗಳಲ್ಲಿ ಅಲಗಿನ ಗಡಸುತನ ರಾಕ್‌ವೆಲ್ ಮಾಪನದಲ್ಲಿ 56ರ ಸುಮಾರು. ಗರಗಸ 53, ಓಪನರ್ ಮತ್ತು ಸ್ಕ್ರೂಡ್ರೈವರ್ 52, ಸ್ಪ್ರಿಂಗ್ 49. ಆದ್ದರಿಂದ "ಹೊಸದರ ಉಕ್ಕು ಬೇರೆ, ಮೊನೆ ಎರಡು ಪಟ್ಟು ಬಾಳುತ್ತದೆ" ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. ಅಂಕಿಗಳಲ್ಲಿ ಇನ್ನೊಂದು ಮಾತೂ ಅಡಗಿದೆ: ಅಲಗು ಎಲ್ಲಕ್ಕಿಂತ ಗಡಸು, ಅಂದರೆ ಎಲ್ಲಕ್ಕಿಂತ ಬೇಗ ಮುರಿಯುವುದೂ ಅದೇ. ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸುವುದು ಮೆದು ಹದದ ಸ್ಕ್ರೂಡ್ರೈವರಿನ ಕೆಲಸ. ಅಲಗಿನ ತುದಿಯನ್ನು ಅದಕ್ಕೆ ಹಾಕಿದರೆ ತುದಿ ಹೋಗುತ್ತದೆ.

ಪರೀಕ್ಷೆಗೆ ಕೂರುವ ಮುನ್ನ ಎರಡನ್ನೂ ಸಾಣೆ ಹಿಡಿದು ಒಂದೇ ಹದಕ್ಕೆ ತನ್ನಿ. ಹತ್ತು ವರ್ಷ ಬಳಸಿದ ಹಳೆಯದನ್ನು ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಹೊಸದರ ಪಕ್ಕ ಇಟ್ಟರೆ ನೀವು ಅಳೆಯುವುದು ಸಾಣೆಯನ್ನು, ಚಾಕುವನ್ನಲ್ಲ. ಆಮೇಲೆ ನಮ್ಮ ಕಡೆ ದಿನವೂ ಕೈಗೆ ಬರುವ ಐದು ವಸ್ತು ತೆಗೆದುಕೊಳ್ಳಿ: ಸುತಳಿ, 16 ಮಿ.ಮೀ. ಡ್ರಿಪ್ ಪೈಪು, ಒಣಗಿದ ತೊಗರಿ ಕಟ್ಟಿಗೆ, ಗೋಣಿಚೀಲ, ಸೀಬೆಹಣ್ಣು. ಪ್ರತಿಯೊಂದನ್ನೂ ಎರಡು ಚಾಕುವಿನಲ್ಲೂ ಇಪ್ಪತ್ತು ಸಲ ಕತ್ತರಿಸಿ. ಎರಡು ಮೂರು ಸಲದಲ್ಲಿ ಫರಕು ತಿಳಿಯುವುದಿಲ್ಲ. ಹನ್ನೆರಡನೆಯ ಸಲಕ್ಕೆ ಅಂಗೈ ನೋಯತೊಡಗಿದಾಗ ಹಿಡಿಯ ಗುಣ ಗೊತ್ತಾಗುತ್ತದೆ.

ಸುತಳಿಯಲ್ಲಿ ಹೊಸದು ಗೆಲ್ಲುತ್ತದೆ. ಹಲ್ಲುಗಳು ನಾರನ್ನು ಹಿಡಿದು ಎಳೆಯುತ್ತವೆ, ಮೊನೆ ಸ್ವಲ್ಪ ಮಂಡಾದರೂ ಕೆಲಸ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಸುತಳಿಯ ಮೇಲಂತೂ ನೇರ ಅಂಚು ಮಂಡಾದ ಕೂಡಲೇ ಜಾರುತ್ತದೆ. ರಾಶಿಯ ದಿನಗಳಲ್ಲಿ ದಿನಕ್ಕೆ ನೂರು ಚೀಲದ ಬಾಯಿ ಬಿಚ್ಚುವವರಿಗೆ ಇದು ದೊಡ್ಡ ಅನುಕೂಲ.

ಡ್ರಿಪ್ ಪೈಪಿಗೆ ಬಂದರೆ ಫಲಿತಾಂಶ ತಿರುಗುತ್ತದೆ. ಜಾಯಿನರ್ ಬಿಗಿಯಾಗಿ ಕೂರಬೇಕಾದರೆ ಪೈಪಿನ ತುದಿ ನೇರವಾಗಿ ಕತ್ತರಿಸಿರಬೇಕು. ಹೊಸ ಚಾಕುವಿನ ಹಲ್ಲುಗಳನ್ನು ಒಂದೇ ಮಗ್ಗುಲಿಂದ ಅರೆದಿರುತ್ತಾರೆ, ಹಾಗಾಗಿ ಕತ್ತರಿಸುವಾಗ ಅಲಗು ಒಂದು ಕಡೆಗೆ ವಾಲುತ್ತದೆ. ತುದಿ ಓರೆಯಾಗಿ ಅಂಚು ಹರಿದಂತಾದರೆ ಜೋಡಣೆಯಲ್ಲಿ ನೀರು ಸೋರುತ್ತದೆ. ಇದಕ್ಕೆ ಉಪಾಯ: ಮುಂಭಾಗ ಬಿಟ್ಟು ಹಿಡಿಯ ಹತ್ತಿರದ ನೇರ ಅಂಚನ್ನು ಪೈಪಿನ ಮೇಲಿಟ್ಟು ಒತ್ತಿ, ಪೈಪನ್ನು ನಿಧಾನ ತಿರುಗಿಸಿ. ಒತ್ತಿ ಕೊಯ್ಯುವ ಎಲ್ಲ ಕೆಲಸಕ್ಕೂ ಆ ಭಾಗವೇ ಸರಿ, ಕೈಯ ಬಲ ಪೂರ್ತಿ ಬೀಳುವುದೂ ಅಲ್ಲೇ. ಹಳೆಯ ಚಾಕುವಿಗೆ ಈ ಉಪಾಯವೇ ಬೇಡ.

ತೊಗರಿ ಕಟ್ಟಿಗೆಯಲ್ಲಿ ಹೋಲಿಕೆ ಮಾಡುವುದೇ ಅನ್ಯಾಯ, ಹಳೆಯದರಲ್ಲಿ ಗರಗಸವೇ ಇಲ್ಲ. ಎರಡು ಬೆರಳು ದಪ್ಪದ ಒಣ ಕಟ್ಟಿಗೆಯನ್ನು ಹೊಸದರ ಗರಗಸ ಸಲೀಸಾಗಿ ಕೊಯ್ಯುತ್ತದೆ. ಭಾರ ಹಾಕದೆ ಗರಗಸದ ಪೂರ್ತಿ ಉದ್ದವನ್ನು ಬಳಸಿ ಉದ್ದುದ್ದ ಎಳೆಯಿರಿ. ಹಸಿ ಬೇವು, ಜಾಲಿ ಕೊಯ್ಯುವಾಗ ಪುಡಿ ಹಲ್ಲಿನ ಸಂದಿಗೆ ಅಂಟಿ ಗರಗಸ ಸಿಕ್ಕಿಕೊಳ್ಳುತ್ತದೆ; ಆಗ ಜೋರು ಮಾಡಿದರೆ ಗರಗಸ ಬಾಗುತ್ತದೆ. ಹೊರಗೆ ತೆಗೆದು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಮತ್ತೆ ಹಾಕಿ.

ಗೋಣಿಚೀಲ ಹೊಲಿಯಲು ದಬ್ಬಣ ನೋಡುವವರಿಗೆ ಒಂದು ಮಾತು: 1961ರ ದಬ್ಬಣಕ್ಕೆ ದಾರ ಪೋಣಿಸುವ ಕಣ್ಣಿಲ್ಲ. ತೂತು ಮಾಡಿ ಬೇರೆ ಸೂಜಿಯಿಂದ ಹೊಲಿಯಬೇಕು. ದಬ್ಬಣದ ಒಂದು ಅಂಚು ಹರಿತವಾಗಿರುತ್ತದೆ, ಆ ಅಂಚು ಕೊಯ್ಯುವ ದಿಕ್ಕಿಗೇ ತಿರುಗಿಸಿ. ಚಪ್ಪಲಿ, ಬೆಲ್ಟಿನ ತೊಗಲಿಗೂ ಇದೇ ರೀತಿ. ವಾರೆಯಾಗಿ ಒತ್ತಿದರೆ ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ.

ಸೀಬೆ, ಉಳ್ಳಾಗಡ್ಡಿ, ಮಾವಿನಕಾಯಿ ಹೆಚ್ಚುವುದಕ್ಕೆ ಹಳೆಯದೇ ಮೇಲು. ಹೊಸದರ ಹಲ್ಲು ಸೀಬೆಯ ಹೋಳಿನ ಮೇಲೆ ಗೆರೆ ಬಿಡುತ್ತದೆ, ಸಿಪ್ಪೆ ತೆಳ್ಳಗೆ ಬರುವುದಿಲ್ಲ, ಹಲ್ಲಿನ ಸಂದಿಯಲ್ಲಿ ತಿರುಳು ಕೂರುತ್ತದೆ. ಡಬ್ಬಿ ಓಪನರ್ ಎರಡರಲ್ಲೂ ಒಂದೇ ರೀತಿ, ಕೊಂಡಿಯನ್ನು ಡಬ್ಬಿಯ ಅಂಚಿಗೆ ಸಿಕ್ಕಿಸಿ ಮುಂದಕ್ಕೆ ಮುಂದಕ್ಕೆ ಕೊಯ್ಯುತ್ತಾ ಹೋಗುವುದು. ಅದರ ತುದಿಯ ಸಣ್ಣ ಸ್ಕ್ರೂಡ್ರೈವರ್ ಚಿಕ್ಕ ಪ್ಲಸ್ ಸ್ಕ್ರೂಗೂ ಹಿಡಿಯುತ್ತದೆ, ಹೀಗಾಗಿ ಸ್ವಿಚ್‌ಬೋರ್ಡಿನ ಮಟ್ಟಿಗೆ ಹಳೆಯದರಲ್ಲಿ ಪ್ಲಸ್ ಇಲ್ಲವೆಂಬ ಕೊರತೆ ಅಷ್ಟು ಕಾಡದು.

ಬೀಗದ ವಿಷಯ

ಬೀಗ ಇದ್ದರೆ ಬೆರಳು ಕುಯ್ಯುವುದಿಲ್ಲ ಎಂಬ ಧೈರ್ಯ ಅಪಾಯದ್ದು. ಹೊಸದರಲ್ಲಿ ಅಲಗು ಪೂರ್ತಿ ತೆರೆದಾಗ ಒಳಗಿನ ತೆಳು ಉಕ್ಕಿನ ಪಟ್ಟಿಯೊಂದು ಸರಿದು ಬಂದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಆ ಪಟ್ಟಿ ಕೂರುವ ಜಾಗದಲ್ಲಿ ಎರೆಮಣ್ಣಿನ ಚೂರೋ ಕಟ್ಟಿಗೆಯ ಪುಡಿಯೋ ಇದ್ದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಕಣ್ಣಿಗೆ ಬೀಗ ಬಿದ್ದಂತೆ ಕಾಣುತ್ತದೆ, ಭಾರ ಬಿದ್ದಾಗ ಜಾರುತ್ತದೆ. ಪರೀಕ್ಷೆ ಹೀಗೆ: ಅಲಗು ತೆರೆದು ಬೀಗ ಬೀಳುವ ಸದ್ದು ಕೇಳಿಸಿಕೊಳ್ಳಿ. ಬೆರಳುಗಳನ್ನೆಲ್ಲ ಅಲಗು ಮಡಚುವ ದಾರಿಯಿಂದ ಹೊರಗಿಡಿ. ಅಲಗಿನ ಬೆನ್ನನ್ನು ಮರದ ಹಲಗೆಗೆ ತಾಗಿಸಿ ನಿಧಾನವಾಗಿ ಒತ್ತಿ. ಸ್ವಲ್ಪವೂ ಜಾರಬಾರದು. ಹಲಗೆಗೆ ಬಡಿದು ನೋಡುವವರಿದ್ದಾರೆ. ಹಾಗೆ ಬಡಿದರೆ ಚೆನ್ನಾಗಿರುವ ಬೀಗವೂ ಸವೆಯುತ್ತದೆ.

ಮುಚ್ಚುವಾಗ ಹೆಬ್ಬೆರಳಿನಿಂದ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ಅಲಗನ್ನು ಸ್ವಲ್ಪ ಮಡಚಿ, ಹೆಬ್ಬೆರಳು ತೆಗೆದು, ಆಮೇಲೆ ಪೂರ್ತಿ ಮಡಚಿ. ಈ ನಡುವಿನ ಹೆಜ್ಜೆ ಬಿಟ್ಟವರೇ ಹೆಬ್ಬೆರಳು ಕೊಯ್ದುಕೊಳ್ಳುವುದು. ಕೊಳ್ಳುವ ಮುನ್ನ ನೀವು ಬಳಸುವ ಕೈಯಲ್ಲೇ ಹತ್ತು ಸಲ ತೆರೆದು ಮುಚ್ಚಿ ನೋಡಿ.

ಹಳೆಯದಕ್ಕೆ ಒಂದೇ ನಿಯಮ: ಚುಚ್ಚಬೇಡಿ, ಬೆನ್ನಿನ ಕಡೆಯಿಂದ ಭಾರ ಬೀಳುವ ಯಾವ ಕೆಲಸವನ್ನೂ ಮಾಡಬೇಡಿ. ಅದನ್ನು ತೆರೆಯಲು ಉಗುರು ಬೇಕು. ಎಣ್ಣೆ ಅಥವಾ ಬೆವರು ಹತ್ತಿದ ಕೈಗೆ ಉಗುರಿನ ಕಚ್ಚು ಸಿಗದೆ ಜಾರುತ್ತದೆ. ಕೈಗವಸು ಹಾಕಿದ್ದರಂತೂ ತೆರೆಯಲು ಬರುವುದಿಲ್ಲ. ಬಿಸಿಲಿನಲ್ಲಿ ಬೈಕಿನ ಮೇಲೆ ಬಿಟ್ಟ ಅಲ್ಯುಮಿನಿಯಂ ಹಿಡಿ ಮೇ ತಿಂಗಳ ಕಲಬುರಗಿಯಲ್ಲಿ ಕೈ ಸುಡುವಷ್ಟು ಕಾಯುತ್ತದೆ, ನೈಲಾನ್ ಅಷ್ಟು ಬೇಗ ಶಾಖ ಕೊಡುವುದಿಲ್ಲ.

ಸಾಣೆ

ನೇರ ಅಂಚಿಗೆ ಎರಡು ಕಲ್ಲು ಸಾಕು, ಸುಮಾರು 600 ಮತ್ತು 1000 ನಂಬರಿನವು. ಒಂದೊಂದು ಮಗ್ಗುಲಿಗೆ 15ರಿಂದ 20 ಡಿಗ್ರಿ ಕೋನ ಬೇಕು. ಕೋನ ಅಳೆಯುವ ಸಲಕರಣೆ ಬೇಡ: ಅಲಗಿನ ಅಗಲದ ಕಾಲು ಭಾಗದಷ್ಟು ಬೆನ್ನನ್ನು ಕಲ್ಲಿನಿಂದ ಎತ್ತಿ ಹಿಡಿದರೆ ಹೆಚ್ಚುಕಡಿಮೆ 15, ಮೂರನೇ ಒಂದು ಭಾಗದಷ್ಟು ಎತ್ತಿದರೆ 20 ಡಿಗ್ರಿಗೆ ಹತ್ತಿರ. 15 ಮಿ.ಮೀ. ಅಗಲದ ಅಲಗಾದರೆ 4ರಿಂದ 5 ಮಿ.ಮೀ. ಎತ್ತರ. ಹಣ್ಣು ಹೆಚ್ಚುವುದಕ್ಕೆ 15, ಸುತಳಿ ಮತ್ತು ಪೈಪಿಗೆ 20 ಇರಲಿ.

ಕಲ್ಲು ನೆನೆಸಿ, ಮೊನೆ ಮುಂದಾಗಿ ಬುಡದಿಂದ ತುದಿಯವರೆಗೆ ಎಳೆಯಿರಿ. ಆಚೆ ಮಗ್ಗುಲಲ್ಲಿ ಬೆರಳಿಗೆ ತಡೆಯುವ ಸಣ್ಣ ಮಡಿಕೆ ಉದ್ದಕ್ಕೂ ಎದ್ದ ಮೇಲೆ ಮಾತ್ರ ಮಗ್ಗುಲು ಬದಲಿಸಿ. ಅದು ಏಳುವ ಮೊದಲೇ ಬದಲಿಸಿದರೆ ಎಷ್ಟು ತಾಸು ತಿಕ್ಕಿದರೂ ಮೊನೆ ಬರುವುದಿಲ್ಲ. ಸಾಣೆ ಹತ್ತುತ್ತಿಲ್ಲ ಎನ್ನುವವರಲ್ಲಿ ಬಹಳ ಜನರ ತಪ್ಪು ಇದೇ. ಎರಡೂ ಮಗ್ಗುಲು ಆದಮೇಲೆ 1000ರ ಕಲ್ಲಿನ ಮೇಲೆ ಒಂದೊಂದು ಸಲ ಬದಲಿಸುತ್ತಾ ಹಗುರಾಗಿ ಎಳೆದು ಆ ಮಡಿಕೆ ತೆಗೆಯಿರಿ. ಪತ್ರಿಕೆಯ ಹಾಳೆ ಹರಿಯದೆ ಕತ್ತರಿಸಿದರೆ ಹದ ಬಂದಂತೆ.

ಹೊಸದರ ಹಲ್ಲುಗಳನ್ನು ಚಪ್ಪಟೆ ಕಲ್ಲಿನ ಮೇಲೆ ತಿಕ್ಕಿದರೆ ಅಲೆಗಳು ಅಳಿಸಿಹೋಗುತ್ತವೆ. ಅಲೆಯ ಒಳಗೆ ಕೂರುವಷ್ಟು ಸಪೂರದ ಉರುಟು ಕಡ್ಡಿಗೆ 600 ನಂಬರಿನ ವಾಟರ್ ಪೇಪರ್ ಸುತ್ತಿ, ಅರೆದಿರುವ ಮಗ್ಗುಲಿನಿಂದ ಮಾತ್ರ ಒಂದೊಂದು ಅಲೆಗೂ ಐದಾರು ಸಲ ಎಳೆಯಿರಿ. ಆಚೆ ಮಗ್ಗುಲನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿ ಒಂದೆರಡು ಸಲ ಹಗುರಾಗಿ ಎಳೆದರೆ ಸಾಕು. ಸಂತೆಯಲ್ಲಿ ಒಣ ಚಕ್ರದ ಮೇಲೆ ಸಾಣೆ ಹಿಡಿಯುವವರ ಕೈಗೆ ಎರಡನ್ನೂ ಕೊಡಬೇಡಿ. ಕುಡುಗೋಲಿಗೆ ಒಗ್ಗುವ ಆ ಚಕ್ರ ಇಷ್ಟು ತೆಳು ಅಂಚನ್ನು ಕ್ಷಣದಲ್ಲಿ ಕಾಯಿಸಿಬಿಡುತ್ತದೆ. ಅಂಚು ನೀಲಿಗೆ ತಿರುಗಿತೆಂದರೆ ಅಲ್ಲಿಯ ಹದ ಹೋಯಿತು, ಮತ್ತೆ ಬರುವುದಿಲ್ಲ.

ತೊಳೆಯುವುದು, ಎಣ್ಣೆ

ಎರೆಮಣ್ಣು ತುಂಬಿದ ಕೀಲಿಗೆ ಎಣ್ಣೆ ಬಿಡುವುದು ದೊಡ್ಡ ತಪ್ಪು. ಮಣ್ಣೂ ಎಣ್ಣೆಯೂ ಸೇರಿ ಅರೆಯುವ ಮುದ್ದೆಯಾಗಿ ಕೀಲನ್ನು ತಿನ್ನುತ್ತದೆ. ಮೊದಲು ಬೆಚ್ಚಗಿನ ನೀರಲ್ಲಿ ಮುಳುಗಿಸಿ, ನೀರೊಳಗೇ ಪ್ರತಿ ಸಲಕರಣೆಯನ್ನೂ ಏಳೆಂಟು ಸಲ ತೆರೆದು ಮುಚ್ಚಿ. ಬೋರಿನ ಸವಳು ನೀರಾದರೆ ಕೊನೆಗೊಮ್ಮೆ ಕುಡಿಯುವ ನೀರಲ್ಲಿ ಜಾಲಾಡಿ, ಇಲ್ಲವಾದರೆ ಸಂದಿಯಲ್ಲಿ ಬಿಳಿ ಉಪ್ಪು ಕೂರುತ್ತದೆ. ಎಲ್ಲ ತೆರೆದಿಟ್ಟು ಪೂರ್ತಿ ಒಣಗಿದ ಮೇಲೆ ಕೀಲಿಗೆ ಒಂದೊಂದು ಹನಿ ಎಣ್ಣೆ.

ಯಾವ ಎಣ್ಣೆ? ಮನೆಯಲ್ಲಿದೆಯೆಂದು ಕುಸುಬೆ ಎಣ್ಣೆ ಬಿಡಬೇಡಿ. ಗಾಳಿಗೆ ಅದು ಒಣಗಿ ಅಂಟಾಗುತ್ತದೆ, ತಿಂಗಳೊಪ್ಪತ್ತಿನಲ್ಲಿ ಅಲಗು ಏಳುವುದೇ ಕಷ್ಟ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು. ಅಂಟುವುದಿಲ್ಲ, ಹಣ್ಣು ಹೆಚ್ಚುವ ಅಲಗಿಗೂ ಭಯವಿಲ್ಲ. ಹೊಸದರಲ್ಲಿ ಬೀಗದ ಪಟ್ಟಿ ಅಲಗಿಗೆ ತಾಗುವ ಮುಖಕ್ಕೆ ಎಣ್ಣೆ ಹೋಗದಂತೆ ಒರೆಸಿ.

ಕೈ ಬದಲಾದ ಹಳೆಯ ಚಾಕು ಕೊಳ್ಳುವಾಗ ಅಲಗಿನ ಬುಡದ ಮುದ್ರೆ ನೋಡಿ. 1961ರ ಮಾದರಿಯ ಸೈನ್ಯದ ಚಾಕುವಿನಲ್ಲಿ ಹೆಸರಿನ ಜೊತೆ ಮಾಡಿದ ವರ್ಷದ ಕೊನೆಯ ಎರಡು ಅಂಕಿ ಇರುತ್ತವೆ. ಮಡಚಿ ಬೆಳಕಿಗೆ ಹಿಡಿಯಿರಿ, ಸ್ಪ್ರಿಂಗ್ ಮತ್ತು ತಗಡಿನ ನಡುವೆ ಬೆಳಕು ತೂರಿದರೆ ಬಿಡಿ. ಅಲಗು ಪಕ್ಕಕ್ಕೆ ಅಲ್ಲಾಡಿದರೂ ಬಿಡಿ, ರಿವಿಟ್ ಹಾಕಿದ ಚಾಕುವನ್ನು ಸ್ಕ್ರೂ ತಿರುಗಿಸಿ ಬಿಗಿ ಮಾಡಲು ಬರುವುದಿಲ್ಲ. ಹಳೆಯದು ಸಿಗದಿದ್ದರೆ ಅದೇ ಅಳತೆಯ, ಅದೇ ಸಲಕರಣೆಗಳ ಪಯೊನಿಯರ್ ಎಂಬ ಮಾದರಿ ಇದೆ, ಜೊತೆಗೊಂದು ರಿಂಗೂ ಇರುತ್ತದೆ.

ಕಾನೂನಿನ ಮಾತು: ಶಸ್ತ್ರಾಸ್ತ್ರ ನಿಯಮಗಳು ಹಿಡಿಯುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು. ಇವೆರಡರ ಅಲಗೂ 10 ಸೆಂ.ಮೀ. ಒಳಗೇ ಇವೆ. ಆದರೂ ಕೋರ್ಟು, ಪರೀಕ್ಷಾ ಕೇಂದ್ರಗಳಿಗೆ ಒಯ್ಯಬೇಡಿ. ಹೈದರಾಬಾದಿಗೆ ಹೋಗಿ ವಿಮಾನ ಹತ್ತುವುದಾದರೆ ಕೈಚೀಲದಲ್ಲಿ ಇಡದೆ, ಕೌಂಟರಿನಲ್ಲಿ ಕೊಡುವ ದೊಡ್ಡ ಚೀಲಕ್ಕೆ ಹಾಕಿ.

ಮನೆ, ಕಚೇರಿ, ಪ್ರಯಾಣಕ್ಕೆ ಹಳೆಯದನ್ನೇ ಇಟ್ಟುಕೊಳ್ಳಿ. ಅಂಗಿಯ ಕಿಸೆ ಜೋಲುವುದಿಲ್ಲ. ಶಹಾಪುರ, ಸುರಪುರದ ಕಾಲುವೆ ಕಡೆ ಹೊಲವಿದ್ದು ಪೈಪು, ಹಗ್ಗ, ಕಟ್ಟಿಗೆಯ ಕೆಲಸ ದಿನವೂ ಇದ್ದರೆ ಹೊಸದನ್ನು ಸೊಂಟದ ಚೀಲದಲ್ಲಿ ಹಾಕಿಕೊಳ್ಳಿ, ಕಿಸೆಗೆ ಅದು ಭಾರ. ಅದರ ರಿಂಗಿಗೆ ಗೇಣುದ್ದದ ಕೆಂಪು ದಾರ ಕಟ್ಟಿಡಿ: ಹಸಿರು ಚಾಕು ತೊಗರಿ ಸಾಲಿನಲ್ಲಿ ಬಿದ್ದರೆ ಹುಡುಕುವುದು ಬಹಳ ಕಷ್ಟ.